ಮಳೆಗಾಲದ ಕಿಟಕಿ ಪರದೆಗಳು: ಬೂಷ್ಟು, ತುಕ್ಕಿನ ಕರೆ ಮತ್ತು ಒಣಗದ ಬಟ್ಟೆ

ಪ್ರಶ್ನೆ
ಘಟ್ಟದ ಮೇಲಿನವಳು, ಸುರತ್ಕಲ್

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರಿನಲ್ಲಿ ನಾವು ಧಾರವಾಡದಿಂದ ಸುರತ್ಕಲ್ಲಿಗೆ ಬಂದೆವು. ಮೂರನೆಯ ಮಹಡಿಯ ಬಾಡಿಗೆ ಮನೆ. ಪಡುವಣ ಕಿಟಕಿಯ ಬಳಿ ನಿಂತರೆ ತೆಂಗಿನ ತೋಟದಾಚೆ ಕಡಲು ಕಾಣುತ್ತದೆ. ಧಾರವಾಡದಲ್ಲಿ ಹೊಲಿಸಿದ್ದ ನಾಲ್ಕು ದಪ್ಪ ಹತ್ತಿಯ ಪರದೆಗಳನ್ನೇ ಇಲ್ಲಿಯೂ ತೂಗುಹಾಕಿದೆವು. ಅವು ಮರೂನ್ ಬಣ್ಣದವು, ಹಿಂಬದಿಗೆ ಬಿಳಿಯ ಲೈನಿಂಗ್ ಇದೆ, ಮೇಲಂಚಿನಲ್ಲಿ ಸ್ಟೀಲಿನ ರಿಂಗುಗಳಿವೆ. ನಮ್ಮ ಊರಿನಲ್ಲಿ ಪರದೆಗೆ ಧೂಳು ಹಿಡಿಯುವುದೊಂದೇ ತಾಪತ್ರಯವಾಗಿತ್ತು. ಅಂಗಳಕ್ಕೆ ಒಯ್ದು ಕೋಲಿನಿಂದ ನಾಲ್ಕು ಏಟು ಬಡಿದು, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನ ಅಭ್ಯಾಸವನ್ನು ನಾಲ್ಕೇ ತಿಂಗಳಲ್ಲಿ 3000 ಮಿಲಿಮೀಟರ್ ಮೀರಿ ಸುರಿಯುವ ಊರಿಗೆ ತಂದದ್ದು ನನ್ನದೇ ತಪ್ಪೆಂದು ಈಗ ತಿಳಿಯುತ್ತಿದೆ.

ಜೂನ್ ಕೊನೆಯಲ್ಲಿ ಮೊದಲು ವಾಸನೆ ಶುರುವಾಯಿತು, ಹಸಿ ಗೋಣಿಚೀಲದ ವಾಸನೆಯಂಥದ್ದು. ಜುಲೈ ಎರಡನೆಯ ವಾರದಲ್ಲಿ ಪರದೆಯನ್ನು ಸರಿಸಿ ನೋಡಿದರೆ ಲೈನಿಂಗ್‌ನ ತಳದಿಂದ ಮೊಣಕಾಲಿನ ಎತ್ತರದವರೆಗೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು, ರಿಂಗುಗಳ ಸುತ್ತ ಕಂದು ಬಣ್ಣದ ಬಳೆಗಳು ಮೂಡಿದ್ದವು. ಒಂದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ ಬಾಲ್ಕನಿಯಲ್ಲಿ ಮೂರು ದಿನ ಒಣಗಿಸಿದೆ. ನಾಲ್ಕನೆಯ ದಿನ ಅದೇ ವಾಸನೆ. ಇನ್ನೊಂದರ ಲೈನಿಂಗಿಗೆ ಬ್ಲೀಚ್ ಹಚ್ಚಿದೆ. ಚುಕ್ಕೆಗಳೇನೋ ಮಸುಕಾದವು, ಆದರೆ ರಿಂಗಿನ ಸುತ್ತಲಿನ ಕರೆ ಇನ್ನೂ ಗಾಢವಾಯಿತು, ಹನಿ ತಗುಲಿದ ಕಡೆಗಳಲ್ಲಿ ಮರೂನ್ ಬಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮೂರನೆಯದನ್ನು ಇಲ್ಲಿಯ ಒಂದು ಲಾಂಡ್ರಿಗೆ ಕೊಟ್ಟೆ. ಅವರು ಬಿಸಿಗಾಳಿಯ ಡ್ರಯರ್‌ನಲ್ಲಿ ಒಣಗಿಸಿ ಕೊಟ್ಟರು. ಲೈನಿಂಗ್ ಎರಡೂವರೆ ಇಂಚು ಕುಗ್ಗಿ ಇಡೀ ಪರದೆ ಹಪ್ಪಳದಂತೆ ಸೊಟ್ಟಗಾಗಿದೆ.

ಮನೆಯಲ್ಲಿರುವ ಮಾವನವರಿಗೆ ಉಬ್ಬಸದ ತೊಂದರೆ ಇರುವುದರಿಂದ ಇದನ್ನು ಹೀಗೆಯೇ ಬಿಡುವಂತಿಲ್ಲ. ಈಗಾಗಲೇ ಹಿಡಿದಿರುವ ಬೂಷ್ಟನ್ನು ಬಟ್ಟೆ ಕೆಡದಂತೆ ತೆಗೆಯುವುದು ಹೇಗೆ, ತುಕ್ಕಿಗೆ ಏನು ಮಾಡಬೇಕು, ಮತ್ತು ಈ ಆಟಿ ತಿಂಗಳ ಮಳೆಯಲ್ಲಿ ಅಷ್ಟು ದಪ್ಪ ಬಟ್ಟೆಯನ್ನು ಒಣಗಿಸುವುದಾದರೂ ಎಲ್ಲಿ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1
ನಿವೃತ್ತ ಮೇಷ್ಟರು, ಮಲ್ಪೆ

ನಿಮ್ಮ ಪ್ರಶ್ನೆಯಲ್ಲಿ ಬೂಷ್ಟು ಇದೆ, ತುಕ್ಕು ಇದೆ, ಆದರೆ ಇವೆರಡಕ್ಕೂ ಮೂಲವಾದ ಉಪ್ಪಿನ ಮಾತು ಇಲ್ಲ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಭರಣಿಯಲ್ಲಿಟ್ಟ ಕಲ್ಲುಪ್ಪು ಮಳೆ ಹಿಡಿದೊಡನೆ ನೀರೊಡೆಯುವುದನ್ನು ನೀವು ಈ ಜೂನ್‌ನಲ್ಲಿ ನೋಡಿಯೇ ಇರುತ್ತೀರಿ. ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದಾಗ ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅದರ ಅರ್ಧದಷ್ಟು ಆರ್ದ್ರತೆಯೂ ಸಾಕು. ನವೆಂಬರಿನಿಂದ ಮೇ ತಿಂಗಳವರೆಗೆ ಪ್ರತಿ ಮಧ್ಯಾಹ್ನ ಕಡಲಗಾಳಿ ನಿಮ್ಮ ಪಡುವಣ ಕಿಟಕಿಯಿಂದ ಬಂದು ಆ ಪರದೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಕಣಗಳನ್ನು ಸೋಸಿಟ್ಟು ಹೋಗಿದೆ. ಮಳೆಗಾಲದಲ್ಲಿ ಆ ಉಪ್ಪು ನೀರನ್ನು ಹಿಡಿದಿಡುತ್ತದೆ; ಒಗೆಯದೆಯೂ ಬಟ್ಟೆ ತೇವವಾಗಿರುತ್ತದೆ. ತೇವವಿರುವ ಹತ್ತಿ, ಅದರ ಮೇಲಿನ ಧೂಳು, ಅದಕ್ಕೆ ನೀವು ಹಾಕಿದ ಅನ್ನದ ಗಂಜಿ, ಇವೆಲ್ಲ ಶಿಲೀಂಧ್ರಕ್ಕೆ ಬಡಿಸಿಟ್ಟ ಎಲೆಯ ಊಟ. ಸ್ಟೀಲಿನ ರಿಂಗು ತುಕ್ಕು ಹಿಡಿಯುವುದೂ ಇದೇ ಉಪ್ಪುನೀರಿನಿಂದ.

ಹೀಗಾಗಿ ಪರದೆಯನ್ನು ನೇರವಾಗಿ ಸೋಪಿನ ಪುಡಿಗೆ ಹಾಕಬೇಡಿ. ಮೊದಲು ಬರಿಯ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ಹೊಸ ನೀರಿನಲ್ಲಿ ಜಾಲಿಸಿ. ಅದಕ್ಕೂ ಮುನ್ನ ಪರದೆಯನ್ನು ಇಳಿಸುವಾಗ ಬೂಷ್ಟು ಹಿಡಿದ ಬದಿಯು ಒಳಗೆ ಬರುವಂತೆ ನಿಧಾನವಾಗಿ ಸುತ್ತಿಕೊಂಡು ಇಳಿಸಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಕೋಲಿನಿಂದ ಬಡಿಯುವ ಧಾರವಾಡದ ಪದ್ಧತಿ ಧೂಳಿಗೆ ಸರಿ. ಬೂಷ್ಟಿಗೆ ಅದನ್ನು ಮಾಡಿದರೆ ಬೀಜಕಣಗಳು ಮನೆಯಿಡೀ ಹರಡುತ್ತವೆ. ಆ ಹೊತ್ತಿಗೆ ಮಾವನವರು ಬೇರೆ ಕೋಣೆಯಲ್ಲಿರಲಿ.

ಎರಡನೆಯದು ತುಕ್ಕು. ಇದನ್ನು ಬೂಷ್ಟಿಗಿಂತ ಮೊದಲು ತೆಗೆಯಬೇಕು, ಈ ಕ್ರಮವನ್ನು ತಪ್ಪಿಸಲೇಬಾರದು. ಬ್ಲೀಚ್ ತುಕ್ಕನ್ನು ತೆಗೆಯುವುದಿಲ್ಲ. ಕಬ್ಬಿಣವನ್ನು ಇನ್ನಷ್ಟು ಉತ್ಕರ್ಷಿಸಿ ಕರೆಯನ್ನು ಗಟ್ಟಿ ಮಾಡುತ್ತದೆ, ನಿಮಗೆ ಆದದ್ದೂ ಅದೇ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲವನ್ನು ಒಂದು ಲೋಟ ಬೆಚ್ಚಗಿನ ನೀರಿಗೆ ಎರಡು ಚಮಚದಂತೆ ಕರಗಿಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಕರೆಯ ಮೇಲಷ್ಟೇ ಹಚ್ಚಿ ಅರ್ಧ ಗಂಟೆ ಬಿಡಿ. ಕರೆ ಹಳೆಯದಾದರೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಆಮೇಲೆ ಧಾರಾಳ ನೀರಿನಲ್ಲಿ ತೊಳೆದು ಹುಳಿಯ ಅಂಶ ಪೂರ್ತಿ ಹೋಗುವಂತೆ ನೋಡಿಕೊಳ್ಳಿ.

ಬಣ್ಣದ ಬಟ್ಟೆಯ ಬೂಷ್ಟಿಗೆ ನಾನು ಸೂಚಿಸುವುದು ಸೋಡಿಯಂ ಪರ್ಕಾರ್ಬೊನೇಟ್. ಅಂಗಡಿಯಲ್ಲಿ ‘ಆಕ್ಸಿಜನ್ ಬ್ಲೀಚ್’ ಎಂದು ಕೇಳಿದರೆ ಸಿಗುವ ಬಿಳಿಯ ಪುಡಿ ಬಹುಪಾಲು ಅದೇ. ನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡನ್ನು ಬಿಡುಗಡೆ ಮಾಡುತ್ತದೆ. ತಣ್ಣೀರಿನಲ್ಲಿ ಈ ಕೆಲಸ ಬಹಳ ಮಂದ, 40-50 ಡಿಗ್ರಿಯ ನೀರಿನಲ್ಲಿ, ಅಂದರೆ ಕೈ ತಾಳುವಷ್ಟು ಬಿಸಿಯಲ್ಲಿ, ಚುರುಕು. 5 ಲೀಟರಿಗೆ ಎರಡು ದೊಡ್ಡ ಚಮಚ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಬಳಿಕ ಎಂದಿನಂತೆ ಒಗೆಯಿರಿ. ತಳದ ಮಡಿಕೆಯ ಒಳಬದಿಯಲ್ಲಿ ಮೊದಲು ಪರೀಕ್ಷಿಸಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ತುಕ್ಕನ್ನು ಮೊದಲೇ ತೆಗೆಯಲು ಹೇಳಿದ್ದು ಇದಕ್ಕಾಗಿಯೇ: ಕಬ್ಬಿಣದ ಅಂಶವಿರುವ ಜಾಗದಲ್ಲಿ ಪೆರಾಕ್ಸೈಡ್ ಅತಿ ವೇಗವಾಗಿ ಒಡೆದು ಹತ್ತಿಯ ಎಳೆಯನ್ನೇ ತಿನ್ನುತ್ತದೆ, ಕರೆಯಿದ್ದಲ್ಲಿ ತೂತು ಬೀಳುತ್ತದೆ. ಕಲಸಿದ ನೀರನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ಮಾತ್ರ ಎತ್ತಿಡಬೇಡಿ. ಆಮ್ಲಜನಕ ತುಂಬಿ ಬಾಟಲಿ ಸಿಡಿಯುತ್ತದೆ.

ಕ್ಲೋರಿನ್ ಬ್ಲೀಚನ್ನು ಅಪ್ಪಟ ಬಿಳಿ ಹತ್ತಿಗಷ್ಟೇ ಬಳಸಿ: 4 ಲೀಟರ್ ನೀರಿಗೆ 50 ಮಿಲಿಲೀಟರ್, ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ನಿಂಬೆ ಉಪ್ಪು, ವಿನೆಗರ್ ಅಥವಾ ಶೌಚಾಲಯ ತೊಳೆಯುವ ಆಮ್ಲದ ಜೊತೆಗೆ ಬ್ಲೀಚ್ ಎಂದಿಗೂ ಸೇರಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಉಬ್ಬಸದವರಿರುವ ಮನೆಯಲ್ಲಂತೂ ಇದನ್ನು ಎರಡು ಸಲ ಹೇಳಬೇಕು. ನಿಮ್ಮದು ಬಾವಿ ಅಥವಾ ಬೋರ್‌ವೆಲ್ ನೀರಾದರೆ ಇನ್ನೊಂದು ಪರೀಕ್ಷೆ ಮಾಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿನಲ್ಲಿ ಹಲವೆಡೆ ಕಬ್ಬಿಣವಿರುತ್ತದೆ; ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರು ಇಟ್ಟಾಗ ತಳದಲ್ಲಿ ಕೆಂಪು ಗಸಿ ಕುಳಿತರೆ ಆ ನೀರಿಗೆ ಬ್ಲೀಚ್ ಹಾಕಿದ ಬಿಳಿ ಬಟ್ಟೆ ಹಳದಿಯಾಗುವುದು ಖಂಡಿತ.

ಒಂದು ಮಾತು: ಬೂಷ್ಟು ಸತ್ತ ಮೇಲೂ ಚುಕ್ಕೆ ಉಳಿಯಬಹುದು. ಆ ಕಪ್ಪು ಬಣ್ಣ ಮೆಲನಿನ್, ನಮ್ಮ ತಲೆಗೂದಲಿಗೆ ಬಣ್ಣ ಕೊಡುವ ವರ್ಗದ್ದೇ ವಸ್ತು. ಹತ್ತಿಯ ಎಳೆಯೊಳಗೆ ಇಳಿದರೆ ಸುಲಭಕ್ಕೆ ಹೋಗದು. ವಾಸನೆ ಹೋಗಿ ಚುಕ್ಕೆ ಬೂದಿ ಬಣ್ಣಕ್ಕೆ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಒಣಗಿಸುವುದಕ್ಕೆ, ಮಳೆ ಹೊಳವಾದಾಗಲೆಲ್ಲ ಕಿಟಕಿ ತೆರೆದು ಗಾಳಿಯಾಡಿಸುವುದಲ್ಲದೆ ಬೇರೆ ಉಪಾಯ ನನಗೆ ತಿಳಿಯದು.

ಉತ್ತರ 2
ಹೊಲಿಗೆ ಅಂಗಡಿ, ಕುಂದಾಪುರ

ಮೇಷ್ಟರು ಹೇಳಿದ ರಸಾಯನಶಾಸ್ತ್ರ ನನಗೆ ಅಷ್ಟಾಗಿ ತಿಳಿಯದು. ಇಪ್ಪತ್ತು ವರ್ಷದಿಂದ ಪರದೆ ಹೊಲಿಯುತ್ತಿರುವುದರಿಂದ ಬಟ್ಟೆಯ ಕಡೆಯಿಂದ ಹೇಳುತ್ತೇನೆ. ನಿಮ್ಮ ಪರದೆಯ ತಳದಲ್ಲಿ ನಾಲ್ಕು ಇಂಚಿನ ಮಡಿಕೆ ಇರಬೇಕು. ಮಡಿಕೆಯಲ್ಲಿ ಮೂರು ಪದರ ಬಟ್ಟೆ, ಅದರ ಜೊತೆಗೆ ಲೈನಿಂಗ್‌ನ ಮೂರು ಪದರ. ಮೇಲಿನ ಭಾಗ ಒಣಗಿ ಒಂದು ದಿನವಾದರೂ ಅಲ್ಲಿ ಒದ್ದೆ ಇರುತ್ತದೆ. ನಿಮ್ಮ ಚುಕ್ಕೆಗಳು ತಳದಿಂದಲೇ ಮೇಲೇರಿದ್ದು ಅದಕ್ಕಾಗಿ. ನಮ್ಮ ಕಡೆ ಹೊಲಿಯುವಾಗ ನಾನು ಮಡಿಕೆಯನ್ನು ಒಂದೂವರೆ ಇಂಚಿಗೆ ಇಳಿಸಿ, ಪರದೆಯ ತುದಿ ನೆಲದಿಂದ ಒಂದು ಇಂಚು ಮೇಲೆ ನಿಲ್ಲುವಂತೆ ಅಳತೆ ತೆಗೆದುಕೊಳ್ಳುತ್ತೇನೆ. ನೆಲ ಒರೆಸಿದ ನೀರು ತಗುಲುವ ಪರದೆ, ಮಳೆಯಲ್ಲಿ ಬೆವರುವ ಹೊರಗೋಡೆಗೆ ಒರಗಿ ನಿಂತ ಪರದೆ, ಇವೆರಡೂ ಬೂಷ್ಟಿಗೆ ನಿಶ್ಚಿತ. ರಾಡನ್ನು ಗೋಡೆಯಿಂದ ಮೂರು ನಾಲ್ಕು ಇಂಚು ಮುಂದೆ ತರುವ ಬ್ರಾಕೆಟ್ ಹಾಕಿಸಿದರೆ ಹಿಂದೆ ಗಾಳಿಯಾಡುತ್ತದೆ.

ಲಾಂಡ್ರಿಯವರನ್ನು ಪೂರ್ತಿ ದೂರುವಂತಿಲ್ಲ. ತಣ್ಣೀರಿನಲ್ಲಿ ಕೈಯಿಂದ ಒಗೆದಾಗ ಹತ್ತಿ ಅರ್ಧ ಮಾತ್ರ ಕುಗ್ಗಿರುತ್ತದೆ. ಬಿಸಿಗಾಳಿಯಲ್ಲಿ ಉರುಳಿಸಿದಾಗ ಉಳಿದದ್ದೂ ಕುಗ್ಗುತ್ತದೆ. ಪರದೆ ಒಂದು ಜಾತಿಯ ಬಟ್ಟೆ, ಲೈನಿಂಗ್ ಇನ್ನೊಂದು ಜಾತಿ. ಎರಡನ್ನೂ ಒಟ್ಟಿಗೆ ಹೊಲಿದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಲೈನಿಂಗನ್ನು ತಳದಲ್ಲಿ ಬಿಚ್ಚಿಸಿಬಿಡಿ, ಮೇಲ್ಗಡೆ ಮಾತ್ರ ಪ್ರೆಸ್ ಬಟನ್ ಹಾಕಿಸಿ. ಬೇರೆ ಬೇರೆಯಾಗಿ ಒಗೆಯಬಹುದು, ಬೇರೆ ಬೇರೆಯಾಗಿ ಒಣಗಿಸಬಹುದು. ಸೊಟ್ಟಗಾದ ಪರದೆಯೂ ಬಹುಮಟ್ಟಿಗೆ ನೇರವಾಗುತ್ತದೆ.

ಸ್ಟೀಲ್ ಎಂದು ಮಾರುವ ರಿಂಗುಗಳಲ್ಲಿ ಬಹಳಷ್ಟು ಕಬ್ಬಿಣದ ತಗಡಿಗೆ ಹೊಳಪಿನ ಲೇಪ ಕೊಟ್ಟವು. ಫ್ರಿಡ್ಜ್ ಬಾಗಿಲಿನ ಅಲಂಕಾರದ ಮ್ಯಾಗ್ನೆಟ್ ತಂದು ಹಿಡಿಯಿರಿ, ಗಟ್ಟಿಯಾಗಿ ಕಚ್ಚಿಕೊಂಡರೆ ಅನುಮಾನ ಪಡಿ. ಹಿತ್ತಾಳೆಯದು ಹಸಿರು ಕಿಲುಬು ಬಿಡುತ್ತದೆ. ಕಡಲ ಬದಿಯವರಿಗೆ ಪ್ಲಾಸ್ಟಿಕ್ ರಿಂಗು ಅಥವಾ ಅದೇ ಬಟ್ಟೆಯ ಲಾಡಿ, ಎರಡೇ. ಗಂಜಿಯನ್ನು ಇಲ್ಲಿ ಪರದೆಗೆ ಹಾಕಲೇಬೇಡಿ. ನನ್ನನ್ನು ಕೇಳಿದರೆ ದಪ್ಪ ಹತ್ತಿಯ ಪರದೆ ಅಕ್ಟೋಬರಿನಿಂದ ಮೇ ನಡುವಿನವರೆಗೆ ಮಾತ್ರ. ಮಳೆಗಾಲಕ್ಕೆ ತೆಳುವಾದ ಪಾಲಿಯೆಸ್ಟರ್ ಒಂದು ಜೊತೆ ಬೇರೆಯೇ ಇರಬೇಕು. ಪಾಲಿಯೆಸ್ಟರಿಗೂ ಬೂಷ್ಟು ಬರುತ್ತದೆ, ಆದರೆ ಅದು ಮೇಲಿನ ಕೊಳೆಯನ್ನು ತಿಂದು ಬದುಕುತ್ತದೆ, ಬಟ್ಟೆಯನ್ನಲ್ಲ. ಒಗೆದರೆ ಹೋಗುತ್ತದೆ, ಒಂದು ರಾತ್ರಿಯ ಫ್ಯಾನಿಗೆ ಒಣಗುತ್ತದೆ. ಹಿಂಬದಿಗೆ ರಬ್ಬರಿನಂಥ ಲೇಪವಿರುವ ಬ್ಲ್ಯಾಕ್‌ಔಟ್ ಪರದೆಯನ್ನು ಯಾರು ಹೇಳಿದರೂ ತರಬೇಡಿ. ಈ ಹವೆಯಲ್ಲಿ ಆ ಲೇಪ ಅಂಟಂಟಾಗಿ, ಮಡಚಿಟ್ಟರೆ ಒಂದಕ್ಕೊಂದು ಕಚ್ಚಿಕೊಂಡು, ಬಿಡಿಸುವಾಗ ಹಪ್ಪಳೆ ಹಪ್ಪಳೆಯಾಗಿ ಕಿತ್ತುಬರುತ್ತದೆ.

ಉತ್ತರ 3
ಮುಂಬಯಿವಾಸಿ

ಇಪ್ಪತ್ತೆರಡು ವರ್ಷದಿಂದ ಮುಂಬಯಿಯ ಉಪನಗರವೊಂದರಲ್ಲಿದ್ದೇನೆ. ಕಡಲೂ ಅದೇ, ಮಳೆಯೂ ಅದೇ, ಅಂಗಳ ಮಾತ್ರ ಇಲ್ಲ. ಮೇಷ್ಟರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಜುಲೈಯಲ್ಲಿ ಮಳೆ ನಿಂತರೂ ಹೊರಗಿನ ಗಾಳಿಯ ಆರ್ದ್ರತೆ ಸಾಮಾನ್ಯವಾಗಿ ಶೇ. 80ರ ಆಸುಪಾಸು ಅಥವಾ ಅದಕ್ಕೂ ಮೇಲೆಯೇ ಇರುತ್ತದೆ. ಬಿಸಿಲು ಕಾಣಿಸದ ಹೊಳವಿನಲ್ಲಿ ಕಿಟಕಿ ತೆರೆದರೆ ನಾವು ಒಳಗೆ ಕರೆಯುವುದು ತೇವವನ್ನೇ. ನಮ್ಮ ಊರ ಮನೆಯಲ್ಲಿ ಅಜ್ಜಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು; ಶಾಲೆಯ ಅಂಗಿಗೆಲ್ಲ ಹೊಗೆಯ ವಾಸನೆ ಇರುತ್ತಿತ್ತೇ ಹೊರತು ಬೂಷ್ಟಿನ ವಾಸನೆ ಇರುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದುದು ಬೆಂಕಿಯ ಕಾವು. ಫ್ಲ್ಯಾಟಿನಲ್ಲಿ ಆ ಕೆಲಸವನ್ನು ಎಸಿಯ ಡ್ರೈ ಮೋಡ್, ಅಂದರೆ ಗಾಳಿಯ ತೇವ ತೆಗೆಯುವ ವ್ಯವಸ್ಥೆ, ಮಾಡುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಪರದೆಯನ್ನು ಕೋಣೆಯಲ್ಲಿ ಹರವಿ, ರಾತ್ರಿ ಡ್ರೈ ಮೋಡ್ ಹಾಕಿ ಮಲಗಿದರೆ ಬೆಳಿಗ್ಗೆ ಎಸಿಯ ಪೈಪಿನಡಿ ಇಟ್ಟ ಬಕೆಟ್ ಅರ್ಧ ತುಂಬಿರುತ್ತದೆ. ಆ ನೀರು ನಿಮ್ಮ ಪರದೆಯಲ್ಲಿ ಮತ್ತು ಗೋಡೆಯಲ್ಲಿ ಇದ್ದದ್ದು.

ಹರವುವ ರೀತಿಯೂ ಮುಖ್ಯ. ಒಂದೇ ಹಗ್ಗದ ಮೇಲೆ ಎರಡು ಪದರವಾಗಿ ಜೋತುಬಿಟ್ಟರೆ ಒಳಗಿನ ಎರಡು ಮೈಗಳು ಅಂಟಿಕೊಂಡು ಒಣಗುವುದೇ ಇಲ್ಲ. ಒಂದಡಿ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಅವುಗಳ ಮೇಲೆ ಚಪ್ಪರದಂತೆ ಹಾಸಿ, ನಡುವಿನ ಸಂದಿಗೆ ಟೇಬಲ್ ಫ್ಯಾನ್ ತಿರುಗಿಸಿಡಿ. ಮೆಷಿನ್ನಿನಲ್ಲಿ ಒಮ್ಮೆಗೆ ಒಂದೇ ಪರದೆ ಹಾಕಿ ಸ್ಪಿನ್ ಅನ್ನು ಎರಡು ಸಲ ಓಡಿಸಿ. ಒಣಗಿದೆಯೇ ಎಂದು ತಿಳಿಯಲು ಕೈಬೆರಳು ಸಾಲದು. ತಳದ ಮಡಿಕೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ. ಅಲ್ಲಿಗೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಹಬೆ ಏಳುವುದು ಕಾಣುತ್ತದೆ. ಹಬೆ ನಿಲ್ಲುವವರೆಗೂ ಇಸ್ತ್ರಿ ಮಾಡಿ.

ಮರುಮಾತು
ನಿವೃತ್ತ ಮೇಷ್ಟರು, ಮಲ್ಪೆ

ಮುಂಬಯಿಯ ಮಿತ್ರರ ಆಕ್ಷೇಪ ಎಸಿ ಇರುವ ಮನೆಗೆ ನ್ಯಾಯವಾದದ್ದೇ. ಎಸಿ ಇಲ್ಲದವರು ಮಾತ್ರ ಕಿಟಕಿ ಮುಚ್ಚಬಾರದು. ಕೈಯಿಂದ ಹಿಂಡಿದ ದಪ್ಪ ಹತ್ತಿಯ ಬಟ್ಟೆ ಹೆಚ್ಚುಕಡಿಮೆ ತನ್ನದೇ ತೂಕದಷ್ಟು ನೀರನ್ನು ಉಳಿಸಿಕೊಂಡಿರುತ್ತದೆ; ಒಂದೂವರೆ ಕಿಲೋ ಪರದೆಯೊಂದು ಮುಚ್ಚಿದ ಕೋಣೆಯೊಳಗೆ ಒಂದೂವರೆ ಲೀಟರ್ ನೀರನ್ನು ಗಾಳಿಗೆ ಬಿಟ್ಟರೆ ಅದು ಹೋಗಿ ಕೂರುವುದು ಗೋಡೆಯ ಮೇಲೆ, ಅಲ್ಮೇರಾದೊಳಗಿನ ರೇಷ್ಮೆ ಸೀರೆಗಳ ಮೇಲೆ. ಅಂಥವರು ಕಿಟಕಿ ತೆರೆದು, ಫ್ಯಾನ್ ನಿಲ್ಲಿಸದೆ ಒಣಗಿಸಬೇಕು. 75 ವಾಟ್‌ನ ಫ್ಯಾನ್ ಹತ್ತು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ ವಿದ್ಯುತ್ ಅಷ್ಟೇ.

ಪರದೆಯನ್ನು ಕಟ್ಟಿಡುವ ವಿಚಾರವನ್ನು ಯಾರೂ ಹೇಳಲಿಲ್ಲ. ನುಸಿಗುಳಿಗೆಯಾಗಲಿ ಬೇವಿನ ಎಲೆಯಾಗಲಿ ಹುಳುವಿಗೆ ಸರಿ, ಬೂಷ್ಟಿಗೆ ಏನೂ ಮಾಡುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಒಣಗಿದ ಪರದೆಯನ್ನು ಬಿಸಿಯಾರಿದ ಮೇಲೆ, ಅಂದೇ ಸಂಜೆಯ ಕಡಲಗಾಳಿಗೆ ಮೈಯೊಡ್ಡುವ ಮುನ್ನ ಒಳಗೆ ತಂದು ಕಟ್ಟಿಡಿ. ಅಲ್ಮೇರಾದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವ ತೇವ ಹೀರುವ ಡಬ್ಬಿ ಇಟ್ಟರೆ ಒಳ್ಳೆಯದು, ಆದರೆ ಅದರಲ್ಲಿ ತುಂಬುವ ನೀರು ಬಟ್ಟೆಗೆ ಚೆಲ್ಲದಂತೆ ಎಚ್ಚರವಿರಲಿ.

ಪ್ರಶ್ನೆ ಕೇಳಿದವರ ಮರುಬರಹ, ಚೌತಿ ಕಳೆದ ಬಳಿಕ
ಘಟ್ಟದ ಮೇಲಿನವಳು, ಸುರತ್ಕಲ್

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ; ಬಿಸಿಲು ಬರುವವರೆಗೆ ಕಾದು, ಎಲ್ಲವನ್ನೂ ಮಾಡಿ ನೋಡಿಯೇ ಬರೆಯೋಣವೆಂದುಕೊಂಡೆ. ಮೇಷ್ಟರು ಹೇಳಿದಂತೆ ಬರಿಯ ತಣ್ಣೀರಿನಲ್ಲಿ ನೆನೆಸಿದ ಮೊದಲ ಬಕೆಟ್ಟಿನ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ಬಂತು, ಸೋಪು ಇನ್ನೂ ಮುಟ್ಟಿರಲಿಲ್ಲ. ಇದೇ ಪರದೆಯನ್ನು ಜುಲೈಯಲ್ಲಿ ಮೆಷಿನ್ನಿಗೆ ಹಾಕಿದಾಗ ಇಷ್ಟೆಲ್ಲ ಅದರಲ್ಲೇ ಉಳಿದಿತ್ತೆಂಬುದು ಆಗ ಅರ್ಥವಾಯಿತು. ತುಕ್ಕಿನ ಬಳೆಗಳಿಗೆ ನಿಂಬೆ ಉಪ್ಪು ಹಚ್ಚಿದೆ; ಎರಡು ಪರದೆಗಳಲ್ಲಿ ಎರಡನೆಯ ಸಲಕ್ಕೇ ಹೋದವು, ಬ್ಲೀಚ್ ಹಾಕಿ ಗಟ್ಟಿ ಮಾಡಿಕೊಂಡಿದ್ದ ಪರದೆಯಲ್ಲಿ ಐದು ಸಲ ಹಚ್ಚಿದರೂ ತಿಳಿ ಹಳದಿ ಉಳಿದಿದೆ. ಪರ್ಕಾರ್ಬೊನೇಟಿನ ನೀರಿಗೆ ಮರೂನ್ ಬಣ್ಣ ಸ್ವಲ್ಪವೂ ಬಿಡಲಿಲ್ಲ. ಚುಕ್ಕೆಗಳು ಬೂದಿ ಬಣ್ಣಕ್ಕೆ ಬಂದು ನಿಂತಿವೆ, ವಾಸನೆ ಹೋಗಿದೆ.

ಲೈನಿಂಗನ್ನು ಬಿಚ್ಚಿಸಿದಾಗ ತಳದ ಮಡಿಕೆಯೊಳಗೆ ಕಂಡದ್ದನ್ನು ಬರೆಯದಿರುವುದೇ ಮೇಲು. ನಾಲ್ಕು ಇಂಚನ್ನೂ ಕತ್ತರಿಸಿ ತೆಗೆಸಿ ಹೊಸದಾಗಿ ಒಂದೂವರೆ ಇಂಚು ಮಡಿಸಿ ಹೊಲಿಸಿದೆ. ಲಾಂಡ್ರಿಯಿಂದ ಬಂದ ಪರದೆ ನೇರವಾಯಿತು, ಆದರೆ ಉಳಿದವಕ್ಕಿಂತ ಗಿಡ್ಡವಾದ್ದರಿಂದ ಅಡುಗೆಮನೆಯ ಸಣ್ಣ ಕಿಟಕಿಗೆ ಹೋಯಿತು. ಬ್ಲೀಚ್ ತಗುಲಿದ್ದನ್ನು ಮಾವನವರು ತಮ್ಮ ಆರಾಮಕುರ್ಚಿಗೆ ಹಾಸಿಕೊಂಡಿದ್ದಾರೆ. ನಮ್ಮಲ್ಲಿ ಎಸಿ ಇಲ್ಲದ ಕಾರಣ ಎರಡು ಹಗ್ಗ ಮತ್ತು ಟೇಬಲ್ ಫ್ಯಾನಿನ ಉಪಾಯವನ್ನೇ ಮಾಡಿದೆ. ಮಧ್ಯಾಹ್ನದ ಬಿಸಿಲು ಸೇರಿ ಒಂದೂವರೆ ದಿನದಲ್ಲಿ ಕೆನ್ನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಮುಂದಿನ ಮೇ ತಿಂಗಳಿಗೆ ತೆಳು ಪಾಲಿಯೆಸ್ಟರ್ ಬಟ್ಟೆಯನ್ನು ಈಗಲೇ ತಂದಿಟ್ಟಿದ್ದೇನೆ. ನಮ್ಮ ರಾಡಿನ ಗಾತ್ರಕ್ಕೆ ಕೂಡುವ ಪ್ಲಾಸ್ಟಿಕ್ ರಿಂಗು ಮಾತ್ರ ಇಲ್ಲಿಯ ಎರಡು ಮೂರು ಅಂಗಡಿಗಳಲ್ಲಿ ಸಿಗಲಿಲ್ಲ. ಕತ್ತರಿಸಿ ತೆಗೆದ ಮಡಿಕೆಗಳಲ್ಲಿ ಚುಕ್ಕೆಯಿಲ್ಲದ ತುಂಡುಗಳನ್ನು ಆರಿಸಿ ಒಗೆದು ಲಾಡಿ ಹೊಲಿಸಿ ಕಟ್ಟಿದ್ದೇನೆ.